ತುದಿ ಕೊಯ್ದವರದೇ ಬುಡ

ಬೋರ್ಡಿನ ಮೇಲೆ ತನ್ನ ಮುಖ ಬಂದಿದೆ ಎಂಬ ಸುದ್ದಿ ಧೂಳಮ್ಮನಿಗೆ ತಲುಪಿದ್ದು ಊರಿಗೆಲ್ಲ ತಲುಪಿದ ಮೇಲೆ. ಡೈರಿಗೆ ಹಾಲು ಹಾಕುವವರು ನೋಡಿದ್ದರು, ಆಟೋದವರು ನೋಡಿದ್ದರು, ಹುಮನಾಬಾದಿನ ಸಂತೆಗೆ ಹೋದವರು ಹೋಗುವಾಗೊಮ್ಮೆ ಬರುವಾಗೊಮ್ಮೆ ನೋಡಿದ್ದರು. "ಏನ್ ಧೂಳಮ್ಮ, ಇಲೆಕ್ಷನಿಗಿ ನಿಂತೀಯೇನ?" ಎಂದು ಕಿರಾಣಿ ಅಂಗಡಿಯವನು ಕೇಳಿದಾಗ ಆಕೆ, "ನಿನ್ನ ಡಿಪಾಜಿಟ್ ಕಳಿಯಾಕ ನಿಲ್ತೀನಿ" ಎಂದು ಅವನ ಬಾಯಿ ಮುಚ್ಚಿಸಿ ಬಂದಳು. ಕೊನೆಗೆ ಬಸವಕಲ್ಯಾಣದ ಖಾನಾವಳಿಗೆ ರೊಟ್ಟಿ ಕೊಟ್ಟು ಸೊಸೆ ಸಪ್ನಾಳ ಜೊತೆ ಮರಳುವಾಗ, ದುಬಲಗುಂಡಿಗೆ ಹೊರಳುವ ಕ್ರಾಸಿನಲ್ಲಿ ಬಸ್ಸು ನಿಧಾನವಾಯಿತು, ಸಪ್ನಾ ಕಿಟಕಿಯಿಂದ ಬೆರಳು ಚಾಚಿದಳು.

ಅಲ್ಲಿ ಧೂಳಮ್ಮ ಇದ್ದಳು. ಎರಡಾಳೆತ್ತರದ ಧೂಳಮ್ಮ. ತಲೆಯ ಮೇಲೆ ತೊಗರಿ ಕಟ್ಟಿಗೆಯ ಹೊರೆ, ಹಣೆಯ ಮೇಲೆ ಬೆವರು, ಬಾಯಿತುಂಬ ನಗು. ಹಿಂದೆ ನೀಲಿ ಆಕಾಶ, ಮೂಲೆಯಲ್ಲಿ ಹುಮನಾಬಾದಿನ ಔಷಧ ಕಾರ್ಖಾನೆ. ಸುತ್ತಲಿನ ಹಳ್ಳಿಯವರೆಲ್ಲ ಅದನ್ನು ಗುಳಿಗೆ ಕಾರ್ಖಾನೆ ಎಂದೇ ಕರೆಯುವುದು. ಚಿತ್ರದಲ್ಲಿ ಅದರ ಚಿಮಣಿಗೆ ಹೊಗೆಯೇ ಇರಲಿಲ್ಲ. ಹೊಗೆಯನ್ನು ಬಣ್ಣದಿಂದ ಅಳಿಸುವುದು ಎಷ್ಟು ಸುಲಭ ನೋಡಿ.

"ನನ್ನ ಹಲ್ಲು ಇಷ್ಟ ದೊಡ್ಡವು ಅವೇನ?" ಎಂದಳು ಧೂಳಮ್ಮ.

"ಹಲ್ಲಿರ್ಲಿ ಅತ್ತಿ, ಕೆಳಗ ಬರದಿದ್ದು ಕೇಳ್ರಿ." ಹತ್ತನೆಯ ತರಗತಿ ಮುಗಿಸಿದ್ದ ಸಪ್ನಾ ಬಸ್ಸು ಮುಂದೆ ಹೋಗುವಷ್ಟರಲ್ಲಿ ಓದಿಬಿಟ್ಟಳು. "ಎರಡು ಸಾವಿರದ ನಲವತ್ತಕ್ಕ ನಿವ್ವಳ ಶೂನ್ಯ. ಇದು ನಾವು ಕೊಟ್ಟ ಮಾತು. ಅಂದ್ರ ಕಾರ್ಖಾನಿಯವರು ಹೊಗಿ ಕಮ್ಮಿ ಮಾಡ್ಕೋತ, ಮಾಡ್ಕೋತ ಸೊನ್ನಿಗಿ ತರ್ತಾರಂತ."

"ಒಳ್ಳೇದಾಯ್ತಲ್ಲ ಮತ್ತ," ಎಂದಳು ಧೂಳಮ್ಮ. ಸುಳ್ಳಿಗೆ ಹೇಳಿದ ಮಾತಲ್ಲ ಅದು. ಕಲ್ಲಿದ್ದಲು ತುಂಬಿದ ಲಾರಿಗಳು ಹೋಗುವ ರಸ್ತೆಯ ಮಗ್ಗುಲಿನ ಹೊಲದಲ್ಲಿ ಕಳೆ ಕಿತ್ತು ಮನೆಗೆ ಬಂದರೆ ಉಗುಳೂ ಕಪ್ಪಾಗಿರುತ್ತಿತ್ತು. ಬಿಸಿಲಂತೂ ಹೇಳುವಂತಿಲ್ಲ, ಈಚೆಗೆ ತೊಗರಿಯ ಹೂವು ಕಾಯಾಗುವ ಮೊದಲೇ ಉದುರಿ ನೆಲಕ್ಕೆ ಬೀಳುತ್ತಿತ್ತು. ಯಾರೋ ಒಬ್ಬರು ಹೊಗೆ ನಿಲ್ಲಿಸುತ್ತೇವೆಂದು ಮಾತು ಕೊಟ್ಟರೆ ಕೊಡಲಿ. ಮಾತು ಕೊಟ್ಟವರ ಬೋರ್ಡಿನ ಮೇಲೆ ತನ್ನ ಮುಖ ಇದ್ದರೆ ಇರಲಿ. ಮನೆಗೆ ಬಂದು ಕನ್ನಡಿಯಲ್ಲಿ ಹಲ್ಲು ನೋಡಿಕೊಂಡಳು ಅಷ್ಟೇ.

ಆ ಫೋಟೋ ಹಿಂದಿನ ವರ್ಷದ್ದು. ಊರಿನ ದೊಡ್ಡ ರೈತ ದೇವಿಂದ್ರಪ್ಪ ಸಾಹುಕಾರನ ಹೊಲದಲ್ಲಿ ತೊಗರಿ ಕೊಯ್ದು, ಒಣಗಿಸಿ, ಬಡಿದು, ರಾಶಿ ಅವನ ಮನೆಗೆ ಸೇರಿಸಿ, ಕಟ್ಟಿಗೆಯ ಹೊರೆಗಳನ್ನು ಹೊತ್ತು ಹೆಂಗಸರು ಮನೆಯ ದಾರಿ ಹಿಡಿದಿದ್ದರು. ಅಲ್ಲಿ ಕಾರ್ಖಾನೆಯ ಜೀಪು ನಿಂತಿತ್ತು. ಅದರಿಂದಿಳಿದವನು ಬಸವಕಲ್ಯಾಣದ ಹುಡುಗ ಜೀಶಾನ್, ಕಾರ್ಖಾನೆಯಲ್ಲಿ ಈ ಸೊನ್ನೆಯ ಕೆಲಸಕ್ಕೇ ನೇಮಿಸಿದ್ದ ಸಾಹೇಬ. "ಅಮ್ಮಾ, ಜರಾ ನಗ್ರಿ" ಎಂದು ಮೊಬೈಲು ಎತ್ತಿದ. ಧೂಳಮ್ಮ ನಕ್ಕಳು. ಅವನು ಹೇಳಿದ್ದಕ್ಕೆ ನಕ್ಕದ್ದಲ್ಲ, ವರ್ಷದ ಉರುವಲು ತಲೆಯ ಮೇಲಿತ್ತು, ಅದಕ್ಕೆ ನಕ್ಕಿದ್ದಳು.

ತೊಗರಿ ಕಟ್ಟಿಗೆಯ ಬೆಲೆ ಗೊತ್ತಿಲ್ಲದವರಿಗೆ ಒಂದು ಮಾತು. ರೊಟ್ಟಿಗೆ ಬೇಕಾದ ಬೆಂಕಿ ಬೇರೆ. ಬಡಿದ ರೊಟ್ಟಿ ಹಂಚಿಗೆ ಬಿದ್ದಾಗ ಭಗ್ಗನೆ ಉರಿಯಬೇಕು, ನೀರು ಸವರಿ ಮಗುಚಿದಾಗ ಇಳಿಯಬೇಕು, ಒಲೆಯ ಬಾಯಿಗೆ ಆನಿಸಿದಾಗ ಕೆಂಡವಾಗಿ ಕಾಯುತ್ತಿರಬೇಕು. ಜಾಲಿ ಕಟ್ಟಿಗೆಗೆ ಅಷ್ಟು ಬುದ್ಧಿಯಿಲ್ಲ, ಉರಿದರೆ ಉರಿಯುತ್ತಲೇ ಇರುತ್ತದೆ. ಗ್ಯಾಸಿನ ಮೇಲೆ ಖಾನಾವಳಿಯ ರೊಟ್ಟಿ ಬಡಿದರೆ ಸಿಲಿಂಡರಿನ ಹೊಟ್ಟೆ ತುಂಬುತ್ತದೆ, ಬಡಿದವಳ ಹೊಟ್ಟೆ ಅಲ್ಲ. ತೊಗರಿ ಕಟ್ಟಿಗೆ ಮಾತ್ರ ಹೇಳಿದ ಹಾಗೆ ಕೇಳುತ್ತದೆ. ಗಂಡ ತೀರಿಕೊಂಡ ಮೇಲೆ ಧೂಳಮ್ಮ ಅದೇ ಬೆಂಕಿಯ ಮುಂದೆ ಕುಳಿತು ಮಗನನ್ನು ಬೆಳೆಸಿದಳು, ಮದುವೆ ಮಾಡಿದಳು. ಈಗ ಮಗ ಸೊಲ್ಲಾಪುರದ ಕಡೆ ಲಾರಿ ಹೊಡೆಯುತ್ತಾನೆ. ಮನೆ ನಡೆಯುವುದು ಸುಗ್ಗಿಯಲ್ಲಿ ಕೂಲಿಯಿಂದ, ಉಳಿದ ವರ್ಷವೆಲ್ಲ ಹಿತ್ತಲಿನ ಬಣವೆಯಿಂದ.

ಆ ಬಣವೆ ಯಾರೂ ಕೊಟ್ಟ ಭಿಕ್ಷೆಯಲ್ಲ. ಕಾಯಿ ಹೊಲದವನದು, ಕಟ್ಟಿಗೆ ಕೊಯ್ದವಳದು. ಈ ಸೀಮೆಯಲ್ಲಿ ಇದು ಅಜ್ಜಿಯರ ಕಾಲದ ರೂಢಿ. ಇನ್ನೊಂದು ರೂಢಿಯೂ ಇತ್ತು, ಅದು ಎಲ್ಲರಿಗೂ ಗೊತ್ತು, ಆದರೆ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಬುಡದಿಂದ ಕೊಯ್ಯುತ್ತ ಕೂರಲು ಸಮಯವಿರುವುದಿಲ್ಲ. ಆಗ ಕಾಯಿಯಿರುವ ತುದಿಯಷ್ಟನ್ನೇ ಸರಸರ ಕೊಯ್ದು ಕಣಕ್ಕೆ ಸೇರಿಸಿ, ಬರೀ ಕಟ್ಟಿಗೆಯನ್ನು ಹೊಲದಲ್ಲೇ ನಿಲ್ಲಿಸಿ ಬರುತ್ತಿದ್ದರು. ಅದು ವಾರ ನಿಲ್ಲಲಿ, ತಿಂಗಳು ನಿಲ್ಲಲಿ, ಬೇರೆ ಟೋಳಿಯ, ಅಂದರೆ ಬೇರೆ ಕೂಲಿ ಗುಂಪಿನ, ಕುಡುಗೋಲು ಅದಕ್ಕೆ ತಾಗುತ್ತಿರಲಿಲ್ಲ. ತುದಿ ಕೊಯ್ದವರದೇ ಬುಡ. ತಲೆಯಿಲ್ಲದ ತೊಗರಿ ಹೊಲ ಕಂಡರೆ, ಇದಕ್ಕೆ ಒಡತಿ ಇದ್ದಾಳೆ ಎಂದು ಕೂಲಿಯವರು ತಿಳಿದು ಮುಂದೆ ಹೋಗುತ್ತಿದ್ದರು.

ಈ ವರ್ಷ ಎಳ್ಳಮಾಸಿ ಹಬ್ಬಕ್ಕೆ ದೇವಿಂದ್ರಪ್ಪ ಟೋಳಿಯವರನ್ನೆಲ್ಲ ಹೊಲಕ್ಕೆ ಕರೆದು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಂದು ಹೊಟ್ಟೆ ಬಿರಿಯುವಂತೆ ಉಣ್ಣಿಸಿದ. ಉಣ್ಣಿಸುವಾಗ ಬಾಯಿ ಬಿಡಲಿಲ್ಲ. ಕೊಯ್ಲಿನ ಮೊದಲ ದಿನ ಹೆಂಗಸರು ಸೆರಗು ಬಿಗಿದು ಹೊಲಕ್ಕಿಳಿಯುವಾಗ ಬದುವಿನ ಮೇಲೆ ನಿಂತು ಹೇಳಿದ.

"ಈ ಸಲ ಕಟಗಿ ಮುಟ್ಟಬ್ಯಾಡ್ರಿ. ಅಂಬಾದಾಸಗ ಕೊಟ್ಟೀನಿ."

ಅಂಬಾದಾಸ ಊರವನೇ. ಬಸವಕಲ್ಯಾಣದ ರಸ್ತೆಯಲ್ಲಿ ಶೆಡ್ಡು ಹಾಕಿ, ಕಟ್ಟಿಗೆ ಪುಡಿ ಮಾಡಿ ಒತ್ತಿ ಗಟ್ಟಿ ಮಾಡುವ ಯಂತ್ರ ತಂದಿದ್ದ. ಆ ಗಟ್ಟಿಗಳನ್ನು ಗುಳಿಗೆ ಕಾರ್ಖಾನೆಯವರು ಬಾಯ್ಲರಿಗೆ ಕಲ್ಲಿದ್ದಲಿನ ಬದಲು ಹಾಕುತ್ತಾರೆಂದು ಊರಲ್ಲಿ ಮಾತಿತ್ತು. ಕಟ್ಟಿಗೆ ಎಲ್ಲಿಂದ ತರುತ್ತಾನೆ ಎಂದು ಯಾರೂ ಕೇಳಿರಲಿಲ್ಲ. ಅವನೀಗ ಸಾಹುಕಾರನ ಹಿಂದೆ ನಿಂತು ಮೊಬೈಲು ನೋಡುತ್ತಿದ್ದ.

"ನಮ್ಮ ಕಟಗಿ ನೀವು ಹ್ಯಾಂಗ ಕೊಟ್ರಿ ಸಾವಕಾರ್ರ?" ಎಂದಳು ಧೂಳಮ್ಮ.

"ನಿಮ್ದು ಹ್ಯಾಂಗ ಆಗತದ? ಹೊಲ ನಂದು."

"ಹೊಲ ನಿಮ್ದೇರಿ. ಕಾಯಿನೂ ನಿಮ್ದೇ. ಕಟಗಿ ನಿಮ್ಮ ಅಜ್ಜನ ಕಾಲದಾಗೂ ನಿಮ್ದಿರಲಿಲ್ಲ."

"ಅಜ್ಜನ ಕಾಲದಾಗ ಅದಕ್ಕ ಗಿರಾಕಿ ಇರಲಿಲ್ಲ," ಎಂದ ದೇವಿಂದ್ರಪ್ಪ. ಆಮೇಲೆ ತಾನು ಹೇಳಿದ್ದು ತನಗೇ ಒರಟೆನಿಸಿತೋ ಏನೋ, ದನಿ ಇಳಿಸಿದ. "ಧೂಳಮ್ಮ, ಇದು ಒಳ್ಳೇ ಕೆಲಸ ಅದ. ಹವಾ ಸ್ವಚ್ಛ ಆಗತದ. ನಾಡದು ಬೆಳಿಗ್ಗೆ ಮುಂಬೈ ಆಫೀಸಿನವರು ಬರ್ತಾರ, ಮೊದಲನೇ ಲಾರಿ ನಮ್ಮ ಹೊಲದಿಂದಲೇ ಹೊರಡೂದು. ಬೋರ್ಡಿನ ಮ್ಯಾಲ ನಿನ್ನ ಫೋಟೋ ಯಾಕ ಹಾಕ್ಯಾರ ಮತ್ತ? ನೀನ ಮೊದಲು ಒಪ್ಪೀದಿ ಅಂತ."

"ನಾ ಯಾವಾಗ ಒಪ್ಪಿದೆ?"

ಅಂಬಾದಾಸ ಮೊಬೈಲಿನಿಂದ ತಲೆಯೆತ್ತಿದ. "ನಗಾಕತ್ತೀರಲ್ಲ ಚಿಗವ್ವ, ಫೋಟೋದಾಗ."

ಧೂಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಟ್ಟಿಗೆ ಕಸಿದದ್ದಕ್ಕಿಂತ ನಗುವನ್ನು ಕಸಿದದ್ದು ಹೆಚ್ಚು ಉರಿಯಿತು. ವರ್ಷದ ಉರುವಲು ಹೊತ್ತ ಹೆಂಗಸಿನ ನಗುವನ್ನು ಕದ್ದು ಬೋರ್ಡಿಗೆ ಹಚ್ಚಿ, ಅದೇ ನಗುವನ್ನು ಈಗ ಸಾಕ್ಷಿ ಹೇಳಲು ತಂದು ನಿಲ್ಲಿಸಿದ್ದರು. ಇನ್ನು ಮೇಲೆ ಬಡವರು ನಗುವಾಗಲೂ ಸುತ್ತಮುತ್ತ ನೋಡಿ ನಗಬೇಕೇನೋ. ಆಕೆ ತಿರುಗಿ ಬೇವಿನ ಮರದ ಕಡೆ ನಡೆದಳು, ಟೋಳಿ ಹಿಂದೆ ಬಂತು.

ನೆರಳಿನಲ್ಲಿ ಕುಳಿತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೆಲಸ ಬಿಟ್ಟು ಹೋಗೋಣ ಎಂದರು ಕೆಲವರು. ಹೋದರೆ ಕೂಲಿಯೂ ಹೋಯಿತು ಎಂದರು ಉಳಿದವರು. ಮೊದಲು ಧೈರ್ಯದಿಂದ ಮಾತಾಡಿದ್ದು ಸಪ್ನಾ, ಅದೂ ಅತ್ತೆಗೆ ಎದುರಾಗಿ.

"ಹೋಗ್ಲಿ ಬಿಡ್ರಿ ಅತ್ತಿ. ಮುಂಜಾನೆ ಎದ್ರ ಹೊಗಿ, ಕಣ್ಣಾಗ ಹೊಗಿ, ಎದಿಯಾಗ ಹೊಗಿ. ನನಗಂತೂ ಸಾಕಾಗ್ಯಾದ. ಕಟಗಿ ಹೋದ್ರ ಪೀಡಾ ಹೋಯ್ತು."

ಬೇರೆ ದಿನವಾಗಿದ್ದರೆ ಧೂಳಮ್ಮ ಸಿಡುಕುತ್ತಿದ್ದಳು. ಇವತ್ತು ಸೊಸೆಯ ಮುಖ ನೋಡಿದಳು. ಒಲೆ ಊದಿ ಊದಿ ಆ ಹುಡುಗಿಯ ಕಣ್ಣಂಚು ಕೆಂಪಾಗಿದ್ದು ಆಕೆಗೂ ಗೊತ್ತಿತ್ತು.

"ನೀ ಹೇಳೂದು ಖರೆ," ಎಂದಳು. "ಹೊಗಿ ಬ್ಯಾಡಂದ್ರ ಬ್ಯಾಡ. ನಾಳಿ ನೀ ದುಡುದು ಬ್ಯಾರೆ ಒಲಿ ತಂದ್ರ ಈ ಒಲಿ ನಾನ ನನ್ನ ಕೈಲೆ ಒಡೀತೀನಿ. ಆದ್ರ ಒಡಿಯಾಕಿ ನಾ ಆಗಬೇಕು, ಇಲ್ಲಾ ನೀ ಆಗಬೇಕು. ಅವರು ಯಾರು? ಅವರು ಸೊನ್ನಿ ಮಾಡ್ತೀನಂತ ಜಗತ್ತಿಗೆ ಹೇಳಿ ಬಂದು, ನಮ್ಮ ಹಿತ್ತಲ ಸೊನ್ನಿ ಮಾಡಾಕತ್ಯಾರ."

ಧೂಳಮ್ಮ ಎದ್ದು ಹೊಲದ ಅಂಚಿಗೆ ಹೋದಳು. ಎದೆಯೆತ್ತರ ನಿಂತ ತೊಗರಿಯ ಒಂದು ಗಿಡ ಹಿಡಿದಳು. ಬಗ್ಗಲಿಲ್ಲ. ಕಾಯಿ ಶುರುವಾಗುವಲ್ಲಿ ಕುಡುಗೋಲು ಇಟ್ಟು ತುದಿಯನ್ನು ಕಚಕ್ಕನೆ ಕೊಯ್ದು ಬಗಲಿಗೆ ಸೇರಿಸಿದಳು. ಬರೀ ಕಟ್ಟಿಗೆ ಹಾಗೇ ನಿಂತಿತ್ತು.

"ಮೋಡ ಎಲ್ಲಿ ಬಂದಾವ?" ಎಂದು ಯಾರೋ ಆಕಾಶ ನೋಡಿದರು.

"ಬಂದಾವ," ಎಂದಳು ಧೂಳಮ್ಮ. "ಬದುವಿನ ಮ್ಯಾಲ ನಿಂತಾವ ನೋಡ್ರಿ, ಎರಡು."

ಬೇವಿನ ಕೆಳಗೆ ನಗು ಎದ್ದಿತು. ನಗುತ್ತಲೇ ಟೋಳಿ ಹೊಲಕ್ಕಿಳಿಯಿತು. ಬಗ್ಗದೆ ಕೊಯ್ಯುವುದರಿಂದ ನಡುವಿಗೂ ಹಿತವಾಗಿತ್ತು, ಕೆಲಸವೂ ಬೇಗ ಸಾಗಿತು. ಎಂದಿನ ಹಾಡು ಹಾಡಲಿಲ್ಲ, ಮಾತೂ ಆಡಲಿಲ್ಲ. ಕುಡುಗೋಲಿನ ಸದ್ದಷ್ಟೇ ಇತ್ತು.

ಮಧ್ಯಾಹ್ನ ಊಟ ಮಾಡಿ ಬಂದ ದೇವಿಂದ್ರಪ್ಪ ಹೊಲ ನೋಡಿ ಮೊದಲು ಏನೆಂದು ತಿಳಿಯದೆ ನಿಂತ. ಅರ್ಧ ಹೊಲ ತಲೆ ಬೋಳಿಸಿಕೊಂಡು ನಿಂತಿತ್ತು.

"ಏನ್ ಮಾಡೀರಿ ಇದು?"

"ಕಾಯಿ ಕೊಯ್ಯಾಕ ಕೂಲಿ ಕೊಟ್ಟೀರಿ, ಕಾಯಿ ಕೊಯ್ದೀವಿ," ಎಂದಳು ಧೂಳಮ್ಮ, ಕೈ ನಿಲ್ಲಿಸದೆ. "ಕಣದಾಗ ಎಣಿಸಿಕೊಳ್ರಿ, ಒಂದು ಕಾಯಿ ಬಿಟ್ಟಿಲ್ಲ."

"ಉಳಿದದ್ದು ಮಷೀನ್ ತರಸಿ ಕೊಯ್ಸತೀನಿ! ನೀವೆಲ್ಲ ಮನೀಗಿ ನಡೀರಿ!"

ಅಂಬಾದಾಸನ ಮುಖ ಬಿಳಿಚಿತು. "ಮಷೀನ್ ಬ್ಯಾಡ್ರಿ ಸಾವಕಾರ್ರ. ಅದು ಕಟಗಿ ನುಗ್ಗು ಮಾಡಿ ಹೊಲತುಂಬ ಚೆಲ್ಲತದ. ನಾಡದು ಲಾರಿಯಾಗ ಏನ್ ತುಂಬಲಿ ನಾ?"

ಈಗ ಇಡೀ ಟೋಳಿ ನಕ್ಕಿತು. ಸಾಹುಕಾರ ಕೂಗಾಡಿದ, ಇನ್ನು ಮುಂದೆ ಈ ಟೋಳಿ ತನ್ನ ಹೊಲದ ಬದು ತುಳಿಯಬಾರದೆಂದ, ಕಡಲೆ ಕೀಳಲು ಕರೆಯುವುದಿಲ್ಲ, ಮುಂಗಾರಿಗೆ ಬಿತ್ತಲು ಕರೆಯುವುದಿಲ್ಲ ಎಂದ. ಆದರೆ ಕಾಯಿ ಉದುರೀತೆಂಬ ಭಯಕ್ಕೆ ಕೊಯ್ಲು ಮಾತ್ರ ನಿಲ್ಲಿಸಲಿಲ್ಲ. ಧೂಳಮ್ಮ ಕೇಳಿಸಿಕೊಂಡಳು. ಎರಡು ದಿನದಲ್ಲಿ ಹೊಲದ ಕೊನೆಯ ಕಾಯಿಯವರೆಗೆ ಕೊಯ್ದು ಕಣದಲ್ಲಿ ಅಚ್ಚುಕಟ್ಟಾಗಿ ಒಟ್ಟಿದರು. ಕಳ್ಳಿಯರೆಂದು ಯಾರೂ ಅನ್ನಬಾರದಲ್ಲ.

ಮನೆಗೆ ಬಂದ ಮೇಲೆ ಧೂಳಮ್ಮನಿಗೆ ಹೆದರಿಕೆಯಾಯಿತು. ಹೊಲದಲ್ಲಿ ಆಗದ ಹೆದರಿಕೆ ಒಲೆಯ ಮುಂದೆ ಕುಳಿತಾಗ ಆಯಿತು. ಹಿತ್ತಲಿನಲ್ಲಿ ಹಳೆಯ ಬಣವೆ ಕರಗಿ ಮೊಳಕಾಲೆತ್ತರಕ್ಕೆ ಬಂದಿತ್ತು. ಅದು ಮುಗಿದರೆ ಖಾನಾವಳಿಯವನು ಬೇರೆ ಕಡೆ ರೊಟ್ಟಿ ಹೇಳುತ್ತಾನೆ, ಒಮ್ಮೆ ಹೋದ ಗಿರಾಕಿ ಮರಳುವುದಿಲ್ಲ. ತನ್ನ ಹಟಕ್ಕೆ ಟೋಳಿಯ ಎಲ್ಲರ ಕೂಲಿಯೂ ಹೋಯಿತೇನೋ ಎಂದು ಒಬ್ಬೊಬ್ಬರ ಮನೆಯನ್ನೂ ನೆನೆದಳು. ಅಂಬಾದಾಸ ಮೋರಖಂಡಿಗೆ ಹೋಗಿದ್ದಾನೆ, ಅಲ್ಲಿಯ ಟೋಳಿಯನ್ನು ತರುತ್ತಾನೆ ಎಂಬ ಸುದ್ದಿಯನ್ನು ಸಪ್ನಾ ತಂದಳು.

"ಮೋರಖಂಡಿಯವರು ಬುಡ ಕೊಯ್ದ್ರ ಮುಗೀತು ಅತ್ತಿ. ಅವರಿಗಿ ನಮ್ಮ ರೂಢಿ ಏನ್ ಗೊತ್ತು? ತಾಲೂಕ ಬ್ಯಾರೆ, ಮಂದಿ ಬ್ಯಾರೆ."

"ಗೊತ್ತಿಲ್ಲಾಂದ್ರ ನಾ ಹೊಲದಾಗ ಅಡ್ಡ ಮಲಗತೀನಿ," ಎಂದಳು ಧೂಳಮ್ಮ. ಬಾಯಿಂದ ಬಂದಷ್ಟು ಗಟ್ಟಿಯಾಗಿ ಒಳಗೆ ಇರಲಿಲ್ಲ. ಸಪ್ನಾಗೆ ಅದು ತಿಳಿಯಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತೆಯನ್ನು ಪಕ್ಕಕ್ಕೆ ಸರಿಸಿ, ಒಲೆಯ ಮುಂದೆ ತಾನೇ ಕುಳಿತು ಹಿಟ್ಟು ನಾದತೊಡಗಿದಳು.

ಬೆಳಿಗ್ಗೆ ಟೋಳಿ ಹೊಲಕ್ಕೆ ಬಂದಾಗ ಅಲ್ಲಿ ಆಗಲೇ ಜಾತ್ರೆ ನೆರೆದಿತ್ತು. ಲಾರಿಗೆ ಚೆಂಡುಹೂವಿನ ಮಾಲೆ, ಮುಂದೆ ಹಸಿರು ಬಟ್ಟೆ. ಮುಂಬೈ ಆಫೀಸಿನ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರಿಗೂ ಬಿಳಿ ಟೊಪ್ಪಿಗೆ. ಜೀಶಾನ್ ಕೈಯಲ್ಲಿ ಬಾವುಟ ಹಿಡಿದು ಹೊಲದ ಕಡೆ ನೋಡುತ್ತ, ಮತ್ತೆ ಅಂಬಾದಾಸನ ಕಡೆ ನೋಡುತ್ತ ನಿಂತಿದ್ದ. ಲಾರಿ ತುಂಬಿರಬೇಕಿತ್ತು. ತುಂಬಿರಲಿಲ್ಲ. ಸಾಹುಕಾರ ಅತಿಥಿಗಳಿಗೆ ಎಳನೀರು ಕುಡಿಸುತ್ತ ಹೊತ್ತು ಕಳೆಯುತ್ತಿದ್ದ.

ಅಷ್ಟರಲ್ಲಿ ಮೋರಖಂಡಿಯ ಟೆಂಪೊ ಬಂತು. ಹೆಂಗಸರು ಒಬ್ಬೊಬ್ಬರೇ ಇಳಿದರು, ಬುರ್ಖಾ ತೆಗೆದು ಮಡಚಿ ಟೆಂಪೊದಲ್ಲಿಟ್ಟರು, ಸೀರೆ ಎತ್ತಿ ಕಟ್ಟಿದರು. ಅವರ ಮುಂದಾಳು ಅಸ್ಗರಿ ಎಂಬವಳು, ಧೂಳಮ್ಮನ ವಯಸ್ಸಿನವಳೇ, ಕುಡುಗೋಲು ಹಿಡಿದು ಹೊಲದ ಅಂಚಿಗೆ ಬಂದಳು. ಬಂದು ನಿಂತುಬಿಟ್ಟಳು.

ಧೂಳಮ್ಮ ಅವಳ ಕಡೆ ಎರಡು ಹೆಜ್ಜೆ ಇಟ್ಟಳು. ಕೂಗಿ ಹೇಳಬೇಕೆಂದುಕೊಂಡಳು, ನಾಲಿಗೆ ಏಳಲಿಲ್ಲ.

ಅಸ್ಗರಿ ಒಂದು ಕಟ್ಟಿಗೆಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೊಯ್ದ ಗಾಯ ಇನ್ನೂ ಹಸಿಯಿತ್ತು. ಹಿಂದಿರುಗಿ ಗಟ್ಟಿಯಾಗಿ ಕೇಳಿದಳು: "ಇದರ ತುದಿ ಯಾರ ಕೊಯ್ದಾರ?"

ಯಾರೂ ಉತ್ತರ ಕೊಡುವ ಮೊದಲು ಅಂಬಾದಾಸ ಮುಂದೆ ಬಂದ. "ಅದೆಲ್ಲ ನಿನಗ ಯಾಕ? ಬುಡ ಕೊಯ್ರಿ, ಲಾರಿಗಿ ಹಾಕ್ರಿ. ಲಗೂ ಲಗೂ."

"ಅಯ್ಯೋ ಖುದಾ," ಎಂದಳು ಅಸ್ಗರಿ. "ಹೊಲ ಕೊಯ್ಯಾಕ ಅಂತ ಕರಕೊಂಡು ಬಂದೀರಿ. ಇದು ಕೊಯ್ದ ಹೊಲ ಅದ. ಇನ್ನೊಬ್ಬಾಕಿ ಕಟಗಿಗಿ ನಾ ಕುಡಗೋಲ ಹಚ್ಚಲೇನ? ತುದಿ ಕೊಯ್ದವರದೇ ಬುಡ, ಇಷ್ಟೂ ಗೊತ್ತಿಲ್ಲೇನ ನಿಮಗ?"

"ಕೂಲಿ ಡಬಲ್ ಕೊಡ್ತೀನಿ."

"ಡಬಲ್ ಕೊಟ್ರ ಡಬಲ್ ಕಳ್ಳಿ ಆಗ್ತೀನಿ, ಅಷ್ಟೇ." ಆಕೆ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಬದುವಿನ ಮೇಲೆ ಕುಳಿತುಬಿಟ್ಟಳು. ಅವಳ ಟೋಳಿಯೂ ಸಾಲಾಗಿ ಕುಳಿತಿತು. ಯಾರೋ ಎಲೆಅಡಿಕೆಯ ಚೀಲ ಬಿಚ್ಚಿದರು.

ಧೂಳಮ್ಮನಿಗೆ ಕಣ್ಣು ತುಂಬಿ ಬಂತು. ಹೆಸರು ಗೊತ್ತಿಲ್ಲದ, ಹಿಂದೆಂದೂ ನೋಡದ ಹೆಂಗಸು ಒಂದು ಮಾತಿಗೆ ಅಷ್ಟು ದೂರದಿಂದ ಬಂದ ದಿನದ ಕೂಲಿ ಬಿಟ್ಟಳು. ನಾಲಿಗೆ ಸಡಿಲವಾಯಿತು. ಆಕೆ ಕುಡುಗೋಲು ಎತ್ತಿ, "ತುದಿ ಕೊಯ್ದಾಕಿ ನಾ!" ಎಂದು ಹೊಲದ ಆ ತುದಿಗೆ ಕೇಳುವಂತೆ ಕೂಗಿದಳು. ಹಿಂದಿನಿಂದ ಸಪ್ನಾ, "ನಾನೂ!" ಎಂದಳು. ಆಮೇಲೆ ಟೋಳಿಯ ಪ್ರತಿಯೊಬ್ಬಳೂ ಅಂದಳು.

ಮುಂಬೈಯವರು ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

ಜೀಶಾನ್ ಬಾವುಟ ಮಡಚಿ ಬಗಲಿಗಿಟ್ಟುಕೊಂಡು ಬಳಿಗೆ ಬಂದ. "ಅಮ್ಮಾ, ಏನ್ ನಡದದ ಇದು? ಇವರು ನನಗ ಏನೂ ಹೇಳಿಲ್ಲ. ಈ ಕಟಗಿ ಹೊಲದಾಗ ಸುಟ್ಟು ಹಾಳಾಗಿ ಹೋಗತದ, ಅದನ್ನ ನಾವು ಉಪಯೋಗ ಮಾಡಾಕತ್ತೀವಿ. ನಮ್ಮ ಹಿಸಾಬ ಪೂರಾ ಅದರ ಮ್ಯಾಲ ನಿಂತದ."

"ಯಾರ ಸುಡ್ತಾರ್ರಿ?"

"ರೈತರು. ಹೊಲ ಖಾಲಿ ಮಾಡಾಕ. ಮುಂಬೈ ಆಫೀಸಿನವರು ಹಂಗ ಹೇಳ್ಯಾರ."

ಬದುವಿನ ಮೇಲೆ ಕುಳಿತಿದ್ದ ಮೋರಖಂಡಿಯವರೂ ನಿಂತಿದ್ದ ದುಬಲಗುಂಡಿಯವರೂ ಒಟ್ಟಿಗೆ ನಕ್ಕರು. ಯಾವುದೋ ಸೀಮೆಯಲ್ಲಿ ಹುಲ್ಲು ಸುಡುತ್ತಾರೆಂದು ಕೇಳಿದವರು ಇಡೀ ದೇಶದ ಹೊಲಕ್ಕೆಲ್ಲ ಕಡ್ಡಿ ಗೀರಿ ಕುಳಿತಿದ್ದರು.

"ಸಾಹೇಬ್ರ," ಎಂದಳು ಧೂಳಮ್ಮ, "ನೀವು ಕಲ್ಯಾಣದವರು. ಮುಂಬೈಯವರಿಗಿ ಗೊತ್ತಿಲ್ಲ, ಬಿಡ್ರಿ. ನಿಮ್ಮ ದಾದಿ ರೊಟ್ಟಿ ಯಾತರ ಮ್ಯಾಲ ಮಾಡತಿದ್ರು?"

ಜೀಶಾನನ ಮನೆಗೆ ಗ್ಯಾಸು ಬಂದು ಬಹಳ ವರ್ಷವಾಗಿತ್ತು. ಆದರೆ ಅಜ್ಜಿಯ ಹಿತ್ತಲಿನ ಬಣವೆಯ ಹಿಂದೆ ಬಚ್ಚಿಟ್ಟುಕೊಂಡು ಆಡಿದ ನೆನಪು ಅವನಿಗಿರಬೇಕು, ಯಾಕೆಂದರೆ ಮುಖ ಕೆಂಪಗಾಯಿತು.

"ಇದು ಸುಟ್ಟು ಹೋಗೂ ಕಟಗಿ ಅಲ್ರಿ. ಇದು ರೊಟ್ಟಿ ಆಗೂ ಕಟಗಿ. ನೀವು ಒಯ್ದ್ರ ನಾ ನಾಳಿ ಈ ಬೇವಿನ ಗಿಡ ಕಡೀಬೇಕು. ಆ ಹೊಗಿ ಯಾರ ಲೆಕ್ಕಕ್ಕ ಬರಿತೀರಿ?"

ಬಿಳಿ ಟೊಪ್ಪಿಗೆಯ ಹೆಂಗಸು ಹತ್ತಿರ ಬಂದು, ಈ ಅಮ್ಮ ಏನು ಹೇಳುತ್ತಿದ್ದಾರೆ ಎಂದು ಜೀಶಾನನನ್ನು ಹಿಂದಿಯಲ್ಲಿ ಕೇಳಿದಳು. ಧೂಳಮ್ಮನಿಗೆ ಹಿಂದಿ ಬರುತ್ತದೆ, ಈ ಸೀಮೆಯಲ್ಲಿ ಯಾರಿಗೆ ಬರುವುದಿಲ್ಲ. ಆಕೆ ಅವನ ಬಾಯಿಯನ್ನೇ ನೋಡುತ್ತ ನಿಂತಳು. ಇವನೀಗ ಜೇನು ಸವರಿ ಹೇಳುತ್ತಾನೆ, ಅಮ್ಮ ಬಹಳ ಸಂತೋಷಪಟ್ಟಿದ್ದಾರೆ ಅನ್ನುತ್ತಾನೆ, ಅಂದರೆ ಇಲ್ಲೇ ಅವನ ಬಾವುಟ ಕಿತ್ತುಕೊಳ್ಳುತ್ತೇನೆ ಎಂದು ಕಾದಳು. ಜೀಶಾನ್ ಸಾಹುಕಾರನ ಕಡೆ ನೋಡಿದ, ಅಂಬಾದಾಸನ ಕಡೆ ನೋಡಿದ. ಆಮೇಲೆ ಒಂದು ಮಾತೂ ಬಿಡದೆ, ಬೇವಿನ ಗಿಡವನ್ನೂ ಬಿಡದೆ, ಎಲ್ಲ ಹೇಳಿದ. ಇಲ್ಲಿ ಯಾರೂ ಕಟ್ಟಿಗೆ ಸುಡುವುದಿಲ್ಲ, ನಮ್ಮ ಲೆಕ್ಕ ತಪ್ಪು, ಅದನ್ನು ನಾನೇ ಹೇಳಬೇಕಿತ್ತು ಎಂದೂ ಸೇರಿಸಿದ.

ಆ ಹೆಂಗಸು ಟೊಪ್ಪಿಗೆ ತೆಗೆದು ಹೊಲ ನೋಡಿದಳು. ಚಪ್ಪಾಳೆ ತಟ್ಟಿದ ಕೈ ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಮತ್ತ ನಾ ಬಾಯ್ಲರ್ದಾಗ ಏನ್ ಹಾಕ್ಲಿ ಅಮ್ಮಾ?" ಎಂದ ಜೀಶಾನ್. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ. "ಕಲ್ಲಿದ್ದಲು ಬಿಡ್ತೀವಿ ಅಂತ ಮಾತು ಕೊಟ್ಟೀವಿ."

"ಮಾತು ಕೊಟ್ಟವರು ನೀವು. ಕೊಟ್ಟೀರಿ ಅಂದ್ರ ನಡಸ್ರಿ, ನಾ ಬ್ಯಾಡನ್ನಲ್ಲ. ಸೊನ್ನಿನೇ ಮಾಡ್ರಿ. ನಮ್ಮ ಕಡಿ ಬಿಸಿಲಿಗೇನ ಬರಗಾಲ? ಅದನ್ನ ಹಿಡೀರಿ, ನಿಮ್ಮ ಖರ್ಚ ಮಾಡ್ರಿ, ನಿಮ್ಮ ಲಾಭದಾಗ ಕಮ್ಮಿ ಮಾಡ್ಕೋರಿ. ನಿಮ್ಮ ಮಾತು ಉಳಿಸಾಕ ನಮ್ಮ ಒಲಿ ಆರಸಬ್ಯಾಡ್ರಿ." ಉಸಿರು ಎಳೆದುಕೊಂಡಳು. "ಇನ್ನೊಂದು. ಆ ಬೋರ್ಡಿನ ಮ್ಯಾಲಿನ ನನ್ನ ಮುಖ ತಗೀರಿ. ತಗಿಯಾಕ ಆಗಲ್ಲಾಂದ್ರ, ಆಕಿ ತಲಿ ಮ್ಯಾಲಿನ ಕಟಗಿ ಆಕಿ ಮನೀಗಿ ಹೊಂಟದ ಅಂತ ಕೆಳಗ ದೊಡ್ಡದಾಗಿ ಬರೀರಿ."

ಲಾರಿ ಮಾಲೆ ಹಾಕಿಕೊಂಡೇ ಖಾಲಿ ಮರಳಿತು. ಬಾವುಟವನ್ನು ಯಾರೂ ಬೀಸಲಿಲ್ಲ. ಅಂಬಾದಾಸ ಮೊಬೈಲಿನಲ್ಲಿ ಯಾರಿಗೋ ಕೈಮುಗಿಯುವ ದನಿಯಲ್ಲಿ ಮಾತಾಡುತ್ತ ಅದರ ಹಿಂದೆ ಹೋದ. ಉಳಿದವನು ದೇವಿಂದ್ರಪ್ಪ, ಅವನ ಎದುರಿಗೆ ಬೋಳು ತಲೆಯ ಹೊಲ. ನೇಗಿಲು ಹೂಡಲಾಗದು, ಮಷೀನಿಗೆ ಅಲ್ಲಿ ತಿನ್ನಲು ಏನೂ ಇಲ್ಲ, ಬೀದರಿನಿಂದ ಟೋಳಿ ತಂದರೂ ಅವರೂ ಇದೇ ಮಾತು ಹೇಳುತ್ತಾರೆಂದು ಅವನಿಗೀಗ ಗೊತ್ತಾಗಿತ್ತು. ಅವನ ಅಜ್ಜನೂ ಬದುಕಿದ್ದರೆ ಇದೇ ಹೇಳುತ್ತಿದ್ದ.

"ಒಯ್ಯಿರಿ," ಎಂದ, ಯಾರ ಮುಖವನ್ನೂ ನೋಡದೆ. "ಒಯ್ದು ಹೊಲ ಖಾಲಿ ಮಾಡ್ರಿ."

"ಕಡ್ಲಿ ಕೀಳಾಕ ಯಾವಾಗ ಬರಬೇಕ್ರಿ ಸಾವಕಾರ್ರ?" ಎಂದಳು ಧೂಳಮ್ಮ. ಮೆಲ್ಲಗೆ ಕೇಳಿದಳು, ಆದರೆ ಕೇಳದೆ ಬಿಡಲಿಲ್ಲ.

ಸಾಹುಕಾರ ಬದು ಇಳಿದು ಹೋಗುತ್ತ, "ಹೇಳಿ ಕಳಸ್ತೀನಿ" ಎಂದು ಗೊಣಗಿದ.

ಧೂಳಮ್ಮ ಅಸ್ಗರಿಯ ಬಳಿ ಹೋಗಿ ಕೈ ಹಿಡಿದು ಎಬ್ಬಿಸಿದಳು. "ತುದಿ ಕೊಯ್ದಾಕಿ ಕರದ್ರ ಬುಡ ಕೊಯ್ಬಹುದಲ್ಲ ಆಪಾ? ನಾ ಕರಿಯಾಕತ್ತೀನಿ. ನಿಮ್ಮ ಕೂಲಿ ನಾ ಕೊಡಲಾರೆ. ಕಟಗಿ ಕೊಡ್ತೀನಿ."

"ಒಲಿ ನಮ್ಮ ಮನ್ಯಾಗೂ ಅದ ಅಕ್ಕಾ," ಎಂದು ಅಸ್ಗರಿ ಕುಡುಗೋಲು ಎಳೆದಳು.

ಎರಡೂ ಟೋಳಿಯವರು ಸೇರಿ ಬಗ್ಗಿ ಕೊಯ್ದರು. ಈ ಸಲ ಮಾತಿತ್ತು, ಹಾಡಿತ್ತು, ಒಬ್ಬರ ಹಾಡನ್ನು ಇನ್ನೊಬ್ಬರು ಅಣಕಿಸುವುದೂ ಇತ್ತು. ಬಿಸಿಲು ಇಳಿಯುವ ಹೊತ್ತಿಗೆ ಮೋರಖಂಡಿಯ ಟೆಂಪೊ ಕಟ್ಟಿಗೆಯಿಂದ ಗಚ್ಚಾಗಿ ತುಂಬಿತು, ಅದರ ಮೇಲೆ ಹೆಂಗಸರು ಹತ್ತಿ ಕುಳಿತರು. ಟೆಂಪೊದ ಬಾಡಿಗೆ ಹೋಗಿ ಬರಲು ಎರಡಕ್ಕೂ ಅಂಬಾದಾಸ ಮೊದಲೇ ಕೊಟ್ಟಿದ್ದ. ಇದನ್ನು ನೆನೆದು ದುಬಲಗುಂಡಿಯವರು ಇಂದಿಗೂ ನಗುತ್ತಾರೆ.

ಉಳಿದ ಹೊರೆಗಳನ್ನು ಹೊತ್ತು ಧೂಳಮ್ಮನ ಟೋಳಿ ಒಬ್ಬರ ಹಿಂದೊಬ್ಬರಾಗಿ ಕ್ರಾಸಿಗೆ ಬಂತು. ಬೋರ್ಡು ಅಲ್ಲೇ ಇತ್ತು. ತಲೆಯ ಮೇಲೆ ಹೊರೆಯಿದ್ದುದರಿಂದ ಧೂಳಮ್ಮನಿಗೆ ಕತ್ತೆತ್ತಿ ನೋಡಲು ಆಗಲಿಲ್ಲ. ಹಿಂದಿನಿಂದ ಸಪ್ನಾ ಕೂಗಿದಳು, ಜೀಶಾನನ ದನಿಯನ್ನೇ ಅಣಕಿಸುತ್ತ: "ಅಮ್ಮಾ, ಜರಾ ನಗ್ರಿ!"

"ಸುಮ್ಮ ನಡೀ," ಎಂದಳು ಧೂಳಮ್ಮ, ಮತ್ತು ನಕ್ಕಳು. ಸುತ್ತಮುತ್ತ ನೋಡದೆ, ಬಾಯಿತುಂಬ ನಕ್ಕಳು.

ಬೋರ್ಡಿನ ಧೂಳಮ್ಮ ಹೊರೆ ಹೊತ್ತು ಹುಮನಾಬಾದಿನ ಕಡೆ ಮುಖ ಮಾಡಿ ನಿಂತಿದ್ದಳು. ಈ ಧೂಳಮ್ಮ ಆಕೆಗೆ ಬೆನ್ನು ಹಾಕಿ ಊರಿನ ದಾರಿಗೆ ಹೊರಳಿದಳು. ಖಾನಾವಳಿಯವನು ನಾಳೆಗೆ ರೊಟ್ಟಿ ಹೇಳಿದ್ದ, ಒಲೆ ಹೊತ್ತಿಸಬೇಕಿತ್ತು.